ಬರುವ ಪಾಲನ್ನು ನೆಚ್ಚಿ ಮುಪ್ಪನ್ನು ಮರೆಯಬೇಡಿ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ನಾವು ಸಾಲದ ಬಗ್ಗೆ ಮಾತಾಡ್ತೇವೆ, ಮಕ್ಕಳ ಓದಿನ ಬಗ್ಗೆ ಮಾತಾಡ್ತೇವೆ, ಕುಡಿತದ ಬಗ್ಗೆ ಮಾತಾಡ್ತೇವೆ. ವಯಸ್ಸಾದ ಮೇಲೆ ನಾವು ಹೇಗೆ ಬದುಕೋದು ಎಂಬ ಮಾತು ಮಾತ್ರ ಇದುವರೆಗೂ ಇಲ್ಲಿ ಬಂದಿಲ್ಲ. ಆದ್ದರಿಂದ ಈ ವರ್ಷ ಅದನ್ನೇ ಆರಿಸಿಕೊಂಡಿದ್ದೇವೆ.

ಕೆಲವು ತಿಂಗಳಿಂದ ನಮ್ಮ ಕಾರ್ಯಕರ್ತೆಯರು ಸಂಘದ ಸಭೆಗಳಲ್ಲಿ ಒಂದು ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. “ಅರವತ್ತು ದಾಟಿ ದುಡಿಯೋಕೆ ಆಗದೇ ಹೋದಾಗ ತಿಂಗಳ ಖರ್ಚಿಗೆ ಏನು ಮಾಡ್ತೀರಿ?” ಬಂದ ಉತ್ತರಗಳು ಮೂರೇ ಮೂರು. “ಮಕ್ಕಳು ನೋಡ್ಕೋತಾರೆ” ಎಂದು ಕೆಲವರು. “ದೇವರು ನೋಡ್ಕೋತಾನೆ” ಎಂದು ಕೆಲವರು. ಜಮೀನಿರುವ ಮನೆಗಳವರು ಹೇಳಿದ್ದು, “ಮಾವಂದು ತೋಟ ಐತಲ್ಲ ಸಿಸ್ಟರ್, ನಮ್ಮ ಪಾಲು ಬಂದೇ ಬರುತ್ತೆ.” ಇವತ್ತು ಈ ಮೂರನೆಯ ಉತ್ತರದ ಬಗ್ಗೆ ಮಾತ್ರ ಮಾತಾಡೋಣ. ಯಾಕೆಂದರೆ ಮೊದಲಿನ ಎರಡು ಉತ್ತರ ಹೇಳುವಾಗ ಜನರ ಮುಖದಲ್ಲಿ ಸ್ವಲ್ಪ ಅಳುಕು ಇತ್ತು. ಮೂರನೆಯದನ್ನು ಹೇಳುವಾಗ ಅಳುಕೇ ಇರಲಿಲ್ಲ.

ನಾವು ಕಂಡ ಒಂದು ಮನೆ

ಹೆಸರು ಬೇಡ, ಊರೂ ಬೇಡ. ಮಲೆನಾಡಿನ ಅಂಚಿನ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ತಂದೆ ಕಷ್ಟಪಟ್ಟು ದುಡಿದು ಮೂರು ಎಕರೆ ಕೊಂಡಿದ್ದರು. ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹಿರಿಯ ಮಗ ತಂದೆ ಜೊತೆ ತೋಟ ನೋಡ್ಕೊಂಡ. ಕಿರಿಯ ಮಗ ಜೀಪು ಓಡಿಸ್ತಾ ಬೇರೆ ಮನೆ ಮಾಡಿದ. ಈ ಕಿರಿಯ ಅಣ್ಣ ಕೆಟ್ಟವರಲ್ಲ, ಸೋಮಾರಿಯೂ ಅಲ್ಲ. ಇಪ್ಪತ್ತೈದು ವರ್ಷ ಮಳೆ ಬಿಸಿಲು ನೋಡದೆ ದುಡಿದರು. ಮಕ್ಕಳನ್ನು ಓದಿಸಿದರು. ಉಳಿತಾಯದ ಮಾತು ಬಂದರೆ ಮಾತ್ರ ನಗುತ್ತಿದ್ದರು. “ನಮ್ಗ್ಯಾಕೆ ಸಿಸ್ಟರ್ ಆ ಚಿಂತೆ? ಅಪ್ಪಂದು ತೋಟ ಐತೆ” ಅನ್ನೋರು.

ತಂದೆಗೆ ಎಂಬತ್ತು ದಾಟಿದ ಮೇಲೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಪಟ್ಟಣಕ್ಕೆ ಹೋಗಿಬರುವ ಗಾಡಿ ಖರ್ಚು, ಔಷಧಿ. ಅದೇ ಹೊತ್ತಿಗೆ ಅಡಿಕೆಗೆ ಎಲೆಚುಕ್ಕಿ ರೋಗ ಬಂತು. ಇಪ್ಪತ್ತು ಗುಂಟೆ ಮಾರಿದರು. ಸಹಕಾರ ಸಂಘದಲ್ಲಿ ಸಾಲವೂ ಆಯ್ತು. 2023ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ 86 ವರ್ಷ, ನಮ್ಮ ಈ ಅಣ್ಣನಿಗೆ 58. ಅಷ್ಟು ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಜೀಪು ಬಿಟ್ಟಿದ್ದರು.

ಉಳಿದದ್ದು ನೂರು ಗುಂಟೆ. ತಾಯಿ ಇದ್ದಾರೆ, ಮಕ್ಕಳು ನಾಲ್ಕು ಜನ. ಕಾನೂನಿನ ಪ್ರಕಾರ ಐದು ಸಮಪಾಲು. ಅಂದರೆ ಇವರಿಗೆ ಬರಬೇಕಾದದ್ದು ಇಪ್ಪತ್ತು ಗುಂಟೆ, ಅರ್ಧ ಎಕರೆ. ಅದರ ಮೇಲೂ ಸಾಲದ ಭಾರ ಇದೆ. ಇಷ್ಟು ವರ್ಷ ತೋಟ ನೋಡಿಕೊಂಡವನು ನಾನು, ನನಗೆ ಹೆಚ್ಚು ಬರಬೇಕು ಅಂತ ದೊಡ್ಡ ಅಣ್ಣನ ಮಾತು. ಹೀಗಾಗಿ ಪಾಲಾಗಿಲ್ಲ, ಪಹಣಿ ಇವತ್ತಿಗೂ ತಂದೆ ಹೆಸರಲ್ಲೇ ಇದೆ.

ನಾವು ಅವರ ಮನೆಗೆ ಹೋದಾಗ ಅಣ್ಣ ಏನೂ ಮಾತಾಡಲಿಲ್ಲ. ಅವರ ಮನೆಯವರು ನಮ್ಮನ್ನು ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋಗಿ ಹೇಳಿದರು: “ಸಿಸ್ಟರ್, ಮಾವನ್ನ ಆಸ್ಪತ್ರೆಗೆ ಸೇರಿಸಿದಾಗೆಲ್ಲ ನನ್ನ ಮನಸ್ಸಲ್ಲಿ ಒಂದು ಯೋಚನೆ ಬರ್ತಿತ್ತು. ಈ ಸಲವಾದ್ರೂ ಪಾಲು ಆಗಬಹುದು ಅಂತ. ನಾನು ಎಂಥ ಸೊಸೆ ಸಿಸ್ಟರ್?”

ಅವರು ಮಾವನಿಗೆ ಗಂಜಿ ಕೊಟ್ಟವರು, ಬಟ್ಟೆ ಒಗೆದವರು. ಆ ಮಾತು ಕೇಳಿದ ದಿನದಿಂದ ಈ ವಿಷಯ ನಮ್ಮನ್ನು ಬಿಟ್ಟಿಲ್ಲ. ಪಾಲಿಗೆ ಕಾಯುವುದು ಅಂದರೆ ಏನಕ್ಕೆ ಕಾಯುವುದು ಅಂತ ನಾವ್ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆತ್ತವರ ಸಾವಿಗೆ ಕಾಯುವುದು. ಒಳ್ಳೆಯ ಮನಸ್ಸಿನವರನ್ನೂ ಬಡತನ ಆ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಕ್ರೈಸ್ತ ಕುಟುಂಬಗಳಿಗೆ ದುಂದುಗಾರ ಮಗನ ಕಥೆ ಗೊತ್ತು. ತಂದೆ ಬದುಕಿರುವಾಗಲೇ ಪಾಲು ಕೇಳಿದವನು ಅವನು. ನಾವು ಅವನ ಹಾಗೆ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಒಳಗೊಳಗೇ ಲೆಕ್ಕ ಹಾಕುತ್ತಾ ಕೂರುವುದೂ ಬಹಳ ದೂರದ ಮಾತಲ್ಲ.

ಪಾಲು ಯಾವಾಗ ಬರುತ್ತೆ?

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಐವತ್ತು ಅರವತ್ತಕ್ಕೇ ಹೋಗಿಬಿಡುತ್ತಿದ್ದವರು ಬಹಳ. ಈಗ ಹಾಗಲ್ಲ. ನಮ್ಮ ದೇಶದಲ್ಲಿ ಅರವತ್ತು ಮುಟ್ಟಿದವರು ಸರಾಸರಿ ಇನ್ನೂ 17-18 ವರ್ಷ ಬದುಕುತ್ತಾರೆ. ಎಂಬತ್ತೈದು, ತೊಂಬತ್ತು ದಾಟಿದವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಇದು ಸಂತೋಷದ ವಿಷಯ. ಆದರೆ ಲೆಕ್ಕ ನೋಡಿ. ತಂದೆಗೆ ಇಪ್ಪತ್ತೆಂಟರಲ್ಲಿ ಮಗ ಹುಟ್ಟಿದ, ತಂದೆ ತೊಂಬತ್ತರವರೆಗೆ ಬಾಳಿದರು ಅಂದರೆ ಮಗನ ಕೈಗೆ ಪಾಲು ಬರುವಾಗ ಅವನಿಗೇ 62. ಅಷ್ಟು ಹೊತ್ತಿಗೆ ತೋಟದಲ್ಲಿ ಗುಂಡಿ ತೆಗೆಯುವ ಶಕ್ತಿ ಅವನಿಗೆಲ್ಲಿ?

ತೀರಿಕೊಂಡ ಮಾರನೇ ದಿನ ಪಾಲು ಕೈಗೆ ಬರುವುದೂ ಇಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪೌತಿ ಖಾತೆ, ಸರ್ವೆ, ಪೋಡಿ, ಎಲ್ಲರ ಸಹಿ. ಒಬ್ಬರು ಒಪ್ಪದಿದ್ದರೆ ಕೋರ್ಟಿನಲ್ಲಿ ಪಾಲಿನ ದಾವೆ, ಅದಕ್ಕೆ ವರ್ಷಗಟ್ಟಲೆ. ನಮ್ಮ ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ತೀರಿಕೊಂಡವರ ಹೆಸರಲ್ಲೇ ಉಳಿದುಕೊಂಡು ಬಂದಿವೆ. ನಿಮ್ಮ ಮನೆಯ ಪಹಣಿ ಯಾರ ಹೆಸರಲ್ಲಿದೆ ಅಂತ ಊರಿಗೆ ಹೋದ ಮೇಲೆ ಒಂದು ಸಲ ನೋಡಿ. ಕೆಲವರ ಮನೆಯಲ್ಲಿ ಅದು ಅಜ್ಜನ ಹೆಸರಲ್ಲಿರುತ್ತೆ. ಇನ್ನು ಕೆಲವರದು ಬಗರ್ ಹುಕುಂ ಜಮೀನು. ಅಪ್ಪ ನಲವತ್ತು ವರ್ಷ ಉತ್ತಿದ್ದಾರೆ, ಅರ್ಜಿಯೂ ಹಾಕಿದ್ದಾರೆ, ಮಂಜೂರಾಗಿಲ್ಲ. ಅಪ್ಪನ ಹೆಸರಲ್ಲೇ ಇಲ್ಲದ ಜಮೀನಿನಲ್ಲಿ ಮಗನಿಗೆ ಯಾವ ಪಾಲು?

ಪಾಲು ಎಷ್ಟು ಬರುತ್ತೆ?

ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ 3.20 ಹೆಕ್ಟೇರ್, ಅಂದರೆ ಸುಮಾರು 8 ಎಕರೆ. 2015-16ರ ಹೊತ್ತಿಗೆ ಅದು 1.36 ಹೆಕ್ಟೇರ್, ಸುಮಾರು 3 ಎಕರೆ 14 ಗುಂಟೆ. ಒಂದೊಂದು ತಲೆಮಾರು ಹೋದ ಹಾಗೆ ಜಮೀನು ಒಡೆಯುತ್ತಾ ಬಂದಿದೆ. ನಮ್ಮ ಕಣ್ಣಿಗೆ ಮಾತ್ರ ಇನ್ನೂ ಅಜ್ಜನ ಕಾಲದ ಎಂಟು ಎಕರೆ ಕಾಣುತ್ತೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮಗಳು ಮಗ ಇಬ್ಬರಿಗೂ ಹುಟ್ಟಿನಿಂದಲೇ ಸಮಾನ ಹಕ್ಕು ಎಂದಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳೆಲ್ಲರಿಗೂ ಸಮ. ಗಂಡು ಹೆಣ್ಣು ಭೇದ ಇಲ್ಲ. ಮೂರು ಎಕರೆ, ನಾಲ್ಕು ಮಕ್ಕಳು ಅಂದರೆ ತಾಯಿಗೆ 40 ಗುಂಟೆ, ಒಬ್ಬೊಬ್ಬ ಮಗ ಮಗಳಿಗೆ 20 ಗುಂಟೆ.

ನಮ್ಮ ಕಡೆ ಏನು ಮಾಡ್ತಾರೆ? ಅರಿಶಿನ ಕುಂಕುಮಕ್ಕೆ ಅಂತ ಸ್ವಲ್ಪ ದುಡ್ಡು, ಒಂದು ಸೀರೆ ಕೊಟ್ಟು ಅಕ್ಕತಂಗಿಯರ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮುಪ್ಪಿಗೆ ಬೇರೆ ದಾರಿ ಮಾಡಿಕೊಳ್ಳದ ಅಣ್ಣತಮ್ಮಂದಿರೇ ಹೀಗೆ ಒತ್ತಾಯ ಮಾಡುವುದನ್ನು ನಾವು ಕಂಡಿದ್ದೇವೆ. ತಂಗಿಯ ಪಾಲಿನಲ್ಲಿ ನಮ್ಮ ಮುಪ್ಪು ಸಾಗಿಸುವ ಲೆಕ್ಕ ಯಾರಿಗೂ ಬೇಡ.

ಅದು ನಮ್ಮದೇ?

ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಆಸ್ತಿಯ ಮೇಲೆ ಅವರು ಬದುಕಿರುವವರೆಗೆ ಮಕ್ಕಳಿಗೆ ಹಕ್ಕಿಲ್ಲ. ಮಾರಬಹುದು, ಇಷ್ಟ ಬಂದವರಿಗೆ ದಾನಪತ್ರ, ವಿಲ್ ಮಾಡಬಹುದು. ಕ್ರೈಸ್ತರಲ್ಲೂ ಮುಸ್ಲಿಮರಲ್ಲೂ ಹುಟ್ಟಿನಿಂದ ಬರುವ ಹಕ್ಕು ಎಂಬುದೇ ಇಲ್ಲ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ ಆರನೇ ಕಲಮು ಇನ್ನೂ ಒಂದು ಮಾತು ಹೇಳುತ್ತೆ. ಮುಂದೆ ವಾರಸುದಾರನಾಗಬಹುದು ಎಂಬ ಅವಕಾಶವನ್ನು ಯಾರೂ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ಯಾಕೆ? ಅದು ಬರೀ ನಿರೀಕ್ಷೆ, ಆಸ್ತಿ ಅಲ್ಲ. ಕಾನೂನೇ ಆಸ್ತಿ ಅಂತ ಒಪ್ಪದ ಒಂದನ್ನು ನಾವು ನಮ್ಮ ಪಿಂಚಣಿ ಅಂತ ಬರೆದಿಟ್ಟುಕೊಂಡಿದ್ದೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಹಿರಿಯರು ಹೇಳಿದ್ದು ಇದಕ್ಕೇ.

ಹಾಗಾದರೆ ಏನು ಮಾಡೋದು?

ಪಾಲು ಬಂದರೆ ಬೇಡ ಅನ್ನಿ ಅಂತ ನಾವು ಹೇಳುತ್ತಿಲ್ಲ. ಬಂದರೆ ಸಂತೋಷ. ಆದರೆ ಬರದೇ ಹೋದರೂ ಊಟಕ್ಕೆ ತೊಂದರೆ ಆಗದ ಹಾಗೆ ಬದುಕನ್ನು ಕಟ್ಟಿಕೊಳ್ಳಬೇಕು. ಕೆಲವು ದಾರಿಗಳನ್ನು ಹೇಳ್ತೇವೆ.

1. ನಲವತ್ತರ ಒಳಗಿರುವವರು: ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಶುರುವಾಯ್ತು. 18ರಿಂದ 40 ವರ್ಷದವರು, ಆದಾಯ ತೆರಿಗೆ ಕಟ್ಟದವರು ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಸೇರಬಹುದು. ಅರವತ್ತು ತುಂಬಿದ ಮೇಲೆ ನೀವು ಆರಿಸಿಕೊಂಡ ಪ್ರಕಾರ ತಿಂಗಳಿಗೆ 1,000ದಿಂದ 5,000 ರೂಪಾಯಿ. ಮೂವತ್ತು ವರ್ಷದವರು 1,000 ರೂಪಾಯಿ ಪಿಂಚಣಿಗೆ ತಿಂಗಳಿಗೆ 116 ರೂಪಾಯಿ, 5,000ಕ್ಕೆ 577 ರೂಪಾಯಿ ಕಟ್ಟಬೇಕು. ಹದಿನೆಂಟಕ್ಕೇ ಸೇರಿದರೆ ಇದೇ 5,000ಕ್ಕೆ ತಿಂಗಳಿಗೆ 210 ಸಾಕು. ನಲವತ್ತಕ್ಕೆ ಸೇರಿದರೆ 1,454. ತಡ ಮಾಡಿದ್ದಕ್ಕೆ ಎಷ್ಟು ದಂಡ ನೋಡಿ! ಪಿಂಚಣಿದಾರರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅದೇ ಪಿಂಚಣಿ ಮುಂದುವರಿಯುತ್ತೆ.

2. ತಿಂಗಳಿಗೆ 15,000 ರೂಪಾಯಿ ಒಳಗೆ ದುಡಿಯುವ ಕೂಲಿಯವರು, ಮನೆಗೆಲಸದವರು, ಬೀಡಿ ಕಟ್ಟುವವರು: 2019ರಲ್ಲಿ ಬಂದ ಪ್ರಧಾನ ಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯೂ 18ರಿಂದ 40ರವರಿಗೆ. ವಯಸ್ಸಿಗೆ ತಕ್ಕಂತೆ 55ರಿಂದ 200 ರೂಪಾಯಿ ನೀವು ಕಟ್ಟಿದರೆ ಅಷ್ಟೇ ಹಣ ಸರ್ಕಾರ ಹಾಕುತ್ತೆ. ಅರವತ್ತರ ನಂತರ ತಿಂಗಳಿಗೆ 3,000.

3. ನಲವತ್ತು ದಾಟಿದವರು: ಬೇಸರ ಬೇಡ. ಅಂಚೆ ಕಚೇರಿಯ ಆರ್.ಡಿ. ತಿಂಗಳಿಗೆ 100 ರೂಪಾಯಿಯಿಂದ ಶುರು. ಪಿ.ಪಿ.ಎಫ್. ಖಾತೆಗೆ ವರ್ಷಕ್ಕೆ ಕನಿಷ್ಠ 500 ಸಾಕು, ಹದಿನೈದು ವರ್ಷದ ಅವಧಿ. ಬೇಗ ತೆಗೆಯೋಕೆ ಬರದಿರುವುದೇ ಅದರ ಒಳ್ಳೆಯ ಗುಣ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವವರು ಅದರಲ್ಲಿ 300 ಆದರೂ ಇದಕ್ಕೆ ತೆಗೆದಿಡಿ.

ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ ಶೇಕಡ 7 ಬಡ್ಡಿ ಅಂತ ಇಟ್ಟುಕೊಂಡರೆ ಹತ್ತು ವರ್ಷಕ್ಕೆ ಸುಮಾರು 86 ಸಾವಿರ. ಇಪ್ಪತ್ತು ವರ್ಷಕ್ಕೆ 2 ಲಕ್ಷ 60 ಸಾವಿರ. ಮೂವತ್ತು ವರ್ಷಕ್ಕೆ ಆರು ಲಕ್ಷ ದಾಟುತ್ತೆ. ನೀವು ಕಟ್ಟಿದ್ದು 1 ಲಕ್ಷ 80 ಸಾವಿರ ಮಾತ್ರ. ಆ ಜೀಪಿನ ಅಣ್ಣ ವಾರಕ್ಕೆ ಒಂದು ಬಾಡಿಗೆಯ ಹಣ ತೆಗೆದಿಟ್ಟಿದ್ದರೂ ಇವತ್ತು ಕಣ್ಣಿನ ಔಷಧಿಗೆ ಅಣ್ಣನ ಮನೆ ಬಾಗಿಲು ಕಾಯಬೇಕಿರಲಿಲ್ಲ.

4. ಸಂಘದ ಉಳಿತಾಯವನ್ನು ಮುಪ್ಪಿನ ಹಣ ಅಂದುಕೊಳ್ಳಬೇಡಿ. ಅದು ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಹೋಗುತ್ತೆ. ಮುಪ್ಪಿನ ಪುಸ್ತಕ ಬೇರೆಯೇ ಇರಲಿ. ಹಣ ದುಪ್ಪಟ್ಟು ಮಾಡಿಕೊಡ್ತೇವೆ ಅಂತ ಬರುವವರ ಕೈಗಂತೂ ಒಂದು ರೂಪಾಯಿಯನ್ನೂ ಕೊಡಬೇಡಿ.

5. ಬೆಲೆ ಏರಿಕೆ ನೆನಪಿರಲಿ. ವರ್ಷಕ್ಕೆ ಶೇಕಡ 6ರಂತೆ ಬೆಲೆ ಏರಿದರೆ ಹನ್ನೆರಡು ವರ್ಷಕ್ಕೆ ಖರ್ಚು ಎರಡರಷ್ಟು, ಇಪ್ಪತ್ನಾಲ್ಕು ವರ್ಷಕ್ಕೆ ನಾಲ್ಕರಷ್ಟು. ಇವತ್ತಿನ 250 ರೂಪಾಯಿ ಸಾಮಾನಿಗೆ ಆಗ 1,000 ಬೇಕು. ಆದ್ದರಿಂದ ಒಂದು ಪಿಂಚಣಿ ಕಟ್ಟಿದ್ದೇವೆ, ಸಾಕು ಅಂತ ಕೂರಬೇಡಿ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

6. ಹೆಣ್ಣುಮಕ್ಕಳ ಹೆಸರಲ್ಲಿ ಬೇರೆ ಖಾತೆ ಇರಲಿ. ಗಂಡನ ಪಾಲನ್ನು ನಂಬಿದ ಹೆಂಡತಿ ಎರಡು ಸಾವಿಗೆ ಕಾಯಬೇಕಾಗುತ್ತೆ. ಮಾತು ಕಠಿಣವಾಯ್ತು, ಕ್ಷಮಿಸಿ. ಆದರೆ ವಿಧವೆಯರ ಜೊತೆ ಕೆಲಸ ಮಾಡಿ ನಾವು ಕಲಿತದ್ದು ಇದು.

ಆಸ್ತಿ ಇರುವ ಹಿರಿಯರಿಗೆ ಒಂದು ಮಾತು

ಮಕ್ಕಳು ಕಾಯುತ್ತಿದ್ದಾರೆ ಅಂತ ಅವಸರ ಮಾಡಿ ಎಲ್ಲ ಬರೆದುಕೊಟ್ಟು ಬರಿಗೈ ಮಾಡಿಕೊಳ್ಳಬೇಡಿ. ಕೊಡಲೇಬೇಕು ಅಂದರೆ, ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಆಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಕೆಳಗೆ, ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಯಾವ ಜಮೀನು ಯಾರಿಗೆ, ಸಾಲ ಎಷ್ಟಿದೆ, ವಿಲ್ ಇದೆಯೋ ಇಲ್ಲವೋ ಅಂತ ಮಕ್ಕಳನ್ನೆಲ್ಲ, ಹೆಣ್ಣುಮಕ್ಕಳನ್ನೂ ಸೇರಿಸಿ, ಕೂರಿಸಿಕೊಂಡು ಹೇಳಿ. ಅಪ್ಪನ ಹತ್ತಿರ ಬಹಳ ಇದೆ ಅಂತ ಮಕ್ಕಳು ಅಂದುಕೊಂಡಿರುವುದು ಸುಳ್ಳಾದರೆ ಅವರಿಗೆ ನಲವತ್ತು ತುಂಬುವ ಮೊದಲೇ ಅದು ಗೊತ್ತಾಗಲಿ. ನಿಮ್ಮ ಬಾಯಿಂದ ಬರುವ ಆ ಸತ್ಯವೂ ಮಕ್ಕಳಿಗೆ ಒಂದು ಆಸ್ತಿ.

ನಮ್ಮ ತಪ್ಪನ್ನೂ ಹೇಳಬೇಕು

ಸಿಸ್ಟರ್‌ಗಳಿಗೆ ಈ ವಿಷಯ ಏನು ಗೊತ್ತು ಅಂತ ಯಾರಾದರೂ ಕೇಳಬಹುದು. ನಮಗೆ ಯಾವ ಪಾಲೂ ಬರುವುದಿಲ್ಲ. ಆದ್ದರಿಂದಲೇ ನಮ್ಮ ಮಠದಲ್ಲಿ ವಯಸ್ಸಾದ ಸಿಸ್ಟರ್‌ಗಳ ಔಷಧಿಗೆ, ಆರೈಕೆಗೆ ಅಂತ ತಿಂಗಳು ತಿಂಗಳೂ ಹಣ ಬೇರೆ ತೆಗೆದಿಡುತ್ತೇವೆ. ಏನೂ ಬರುವುದಿಲ್ಲ ಅಂತ ಗೊತ್ತಿದ್ದವರು ಮೊದಲೇ ಎಚ್ಚರ ಆಗುತ್ತಾರೆ.

ಇಷ್ಟು ತಿಳಿದಿದ್ದ ನಾವೇ ಒಂದು ತಪ್ಪು ಮಾಡಿದೆವು. 2015ರಲ್ಲಿ ಅಟಲ್ ಪಿಂಚಣಿಗೆ ಜನರನ್ನು ಸೇರಿಸಲು ಮನೆ ಮನೆಗೆ ಹೋದಾಗ ಕೂಲಿಯವರ ಮನೆಗಳಿಗೆ ಮಾತ್ರ ಹೋದೆವು. ತೋಟ ಇರುವ ಮನೆಗಳನ್ನು ಬಿಟ್ಟೆವು. ಅವರಿಗೆ ಜಮೀನಿದೆ, ಅವರಿಗ್ಯಾಕೆ ಅಂದುಕೊಂಡೆವು. ಹಿಂದಿನ ಬಾಗಿಲಲ್ಲಿ ನಮ್ಮ ಹತ್ತಿರ ಅತ್ತ ಆ ಅಕ್ಕನಿಗೆ ಆಗ 39 ವರ್ಷ. ಇನ್ನೂ ಒಂದು ವರ್ಷ ಬಾಗಿಲು ತೆರೆದಿತ್ತು. ಅವರ ಮನೆಯ ಮುಂದೆಯೇ ನಡೆದುಕೊಂಡು ಹೋದೆವು, ಒಳಗೆ ಹೋಗಲಿಲ್ಲ. ಅವರು ಪಾಲನ್ನು ನಂಬಿದ ಹಾಗೆ ನಾವೂ ಅವರ ಪಾಲನ್ನು ನಂಬಿಬಿಟ್ಟೆವು.

ಅದೇ ಬೀದಿಯ ಕೊನೆಯ ಮನೆಯಲ್ಲಿ ತೋಟದ ಕೂಲಿಗೆ ಹೋಗುವ ಒಬ್ಬ ತಂಗಿ ಆ ವರ್ಷವೇ ಸೇರಿದಳು. ಆಗ ಅವಳಿಗೆ ಮೂವತ್ತು. ತಿಂಗಳಿಗೆ 116 ರೂಪಾಯಿ. ಮಳೆಗಾಲದಲ್ಲಿ ಕೆಲಸ ಇಲ್ಲದಾಗಲೂ ಖಾತೆಯಲ್ಲಿ ಅಷ್ಟು ಹಣ ಇಟ್ಟಿರುತ್ತಿದ್ದಳು. ಹೇಗೆ ಸಾಧ್ಯವಾಯ್ತು ಅಂತ ಕೇಳಿದರೆ, “ನಂಗೆ ಬಿಟ್ಟು ಹೋಗೋರು ಯಾರೂ ಇಲ್ವಲ್ಲ ಸಿಸ್ಟರ್, ನಾನೇ ನಂಗೆ ಬಿಟ್ಕೋಬೇಕು” ಅಂದಳು.

ಆ ಜಮೀನಿನ ಮನೆಯ ಅಕ್ಕ ಈಗ ಅಂಚೆ ಕಚೇರಿಯಲ್ಲಿ 300 ರೂಪಾಯಿಯ ಆರ್.ಡಿ. ತೆರೆದಿದ್ದಾರೆ. ಕಳೆದ ಸಭೆಯಲ್ಲಿ ಪಾಸ್‌ಬುಕ್ ತಂದು ತೋರಿಸಿದರು. ತಡವಾಗಿದೆ, ಸ್ವಲ್ಪವೇ ಆಗಿದೆ, ನಿಜ. ಆದರೆ ಈಗ ಅತ್ತೆಗೆ ಜ್ವರ ಬಂದರೆ ಬೇರೆ ಯಾವ ಯೋಚನೆಯೂ ಇಲ್ಲದೆ ಕಷಾಯ ಕಾಯಿಸ್ತೀನಿ ಸಿಸ್ಟರ್ ಅಂತ ಹೇಳಿದರು. ನಮಗೆ ಅಷ್ಟು ಸಾಕು.

ನಿಮ್ಮ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚೆ ಮಾಡಿ:

1. ನಮ್ಮ ಸಂಘದಲ್ಲಿ ನಲವತ್ತು ತುಂಬಲು ಒಂದೆರಡು ವರ್ಷ ಮಾತ್ರ ಉಳಿದಿರುವವರು ಯಾರು? ಅವರು ಪಿಂಚಣಿ ಯೋಜನೆಗೆ ಸೇರಿದ್ದಾರೆಯೇ?

2. ನಮ್ಮ ಮನೆಯ ಪಹಣಿ ಯಾರ ಹೆಸರಲ್ಲಿದೆ? ಸಾಲ ಎಷ್ಟಿದೆ? ಪಾಲು ಎಷ್ಟು ಜನರಿಗೆ?

3. ಪಾಲು ಬರುವುದೇ ಇಲ್ಲ ಅಂತ ಗೊತ್ತಾದರೆ ನಾಳೆಯಿಂದ ನಾವು ತಿಂಗಳಿಗೆ ಎಷ್ಟು ಉಳಿಸುತ್ತೇವೆ? ಅಷ್ಟನ್ನು ಇವತ್ತಿನಿಂದಲೇ ಉಳಿಸಲು ಏನು ಅಡ್ಡಿ?